ಮೆದುಳಿಗೆ ಪೆಟ್ಟಾದ ದೊಡ್ಡವರಿಗೆ ಮನೆಯಂಥ ವಸತಿ: ಹುಡುಕುವುದು, ಸೇರಿಸುವುದು, ನಿಗಾ ಇಡುವುದು

ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರು, ಅಡಿಕೆ ಮರದಿಂದ ಜಾರಿದವರು, ಸ್ಟ್ರೋಕ್ ಆದವರು, ಮೆದುಳು ಜ್ವರದಿಂದ ಎದ್ದವರು, ಹಾರ್ಟ್ ಅಟ್ಯಾಕ್ ಆದಾಗ ಕೆಲವು ನಿಮಿಷ ಮೆದುಳಿಗೆ ಆಮ್ಲಜನಕ ಸಿಗದೆ ಹೇಗೋ ಉಳಿದವರು. ಕಾರಣ ಬೇರೆ ಬೇರೆ, ಮನೆಯವರ ಪಾಡು ಮಾತ್ರ ಹೆಚ್ಚುಕಡಿಮೆ ಒಂದೇ. ಐಸಿಯುನಿಂದ ಬದುಕಿ ಬಂದರಲ್ಲ ಅನ್ನೋ ಸಮಾಧಾನ ಕೆಲವು ತಿಂಗಳು ಇರುತ್ತದೆ. ಆಮೇಲೆ ನಿಧಾನಕ್ಕೆ ಗೊತ್ತಾಗುತ್ತಾ ಹೋಗುತ್ತದೆ. ನೋಡೋಕೆ ಮೊದಲಿನ ಹಾಗೇ ಇದ್ದಾರೆ, ಆದರೆ ಬೆಳಿಗ್ಗೆ ತಿಂಡಿ ತಿಂದದ್ದು ನೆನಪಿಲ್ಲ, ಸ್ನಾನಕ್ಕೆ ಹೋಗಿ ಅಂತ ಹೇಳದಿದ್ದರೆ ಮಧ್ಯಾಹ್ನದವರೆಗೂ ಕುರ್ಚಿ ಬಿಟ್ಟು ಏಳಲ್ಲ, ಮಿಕ್ಸಿ ಶಬ್ದ ಕೇಳಿದರೆ ಸಿಟ್ಟು ನೆತ್ತಿಗೇರುತ್ತದೆ.

ಅಪ್ಪ ಅಮ್ಮನಿಗೆ ವಯಸ್ಸಾಗುತ್ತಿದೆ, ಹೆಂಡತಿ ಕೆಲಸಕ್ಕೆ ಹೋಗದಿದ್ದರೆ ಮನೆ ನಡೆಯಲ್ಲ, ನಾವು ಹೋದ ಮೇಲೆ ಇವರನ್ನು ಯಾರು ನೋಡ್ತಾರೆ ಅನ್ನೋ ಪ್ರಶ್ನೆ ರಾತ್ರಿ ನಿದ್ದೆ ಕೆಡಿಸುತ್ತದೆ. ಅಂಥವರಿಗಾಗಿ ಇದನ್ನು ಬರೆದಿದ್ದೇನೆ. ನಮ್ಮ ಚಿಕ್ಕಪ್ಪ ಇಂಥ ಒಂದು ಮನೆಯಲ್ಲಿದ್ದಾರೆ. ಹಾಗಾಗಿ ಕೆಲವು ವಿಷಯ ಹತ್ತಿರದಿಂದ ಗೊತ್ತು, ಕೆಲವು ಬೇರೆ ಕುಟುಂಬಗಳನ್ನು ನೋಡಿ ತಿಳಿದದ್ದು.

ಯಾವುದನ್ನು ಹುಡುಕಬೇಕು

ಒಂದು ಸಾಮಾನ್ಯ ಬಾಡಿಗೆ ಮನೆ. ನಾಲ್ಕೈದು ಜನ, ಜಾಸ್ತಿ ಅಂದರೆ ಎಂಟು ಜನ. ಒಂದೇ ಅಡುಗೆಮನೆ, ಎಲ್ಲರೂ ಒಟ್ಟಿಗೆ ಕೂತು ಊಟ. ಹಗಲು ರಾತ್ರಿ ನೋಡಿಕೊಳ್ಳುವವರು ಇದ್ದಾರೆ, ಆದರೆ ಯೂನಿಫಾರ್ಮ್ ಹಾಕಿಕೊಂಡು ವಾರ್ಡಿನಲ್ಲಿ ಓಡಾಡುವ ಹಾಗೆ ಅಲ್ಲ. ಮನೆಯಂಥ ವಸತಿ ಅಂದರೆ ಇಷ್ಟೇ.

ಇದು ಹೊಸ ವಿಚಾರವೇನೂ ಅಲ್ಲ. ಬೆಂಗಳೂರಿನ ಆಶಾ ನಿಕೇತನ 1970ರಲ್ಲೇ ಶುರುವಾಯಿತು. ಅಲ್ಲಿ ಬೌದ್ಧಿಕ ಅಂಗವೈಕಲ್ಯ ಇರುವ ದೊಡ್ಡವರೂ ಅವರ ಜೊತೆಗಾರರೂ ಒಂದೇ ಮನೆಯವರ ಹಾಗೆ ಬದುಕುತ್ತಾರೆ. ಚೆನ್ನೈನ ಬನ್ಯನ್ ಸಂಸ್ಥೆಗೆ 'ಹೋಮ್ ಅಗೇನ್' ಅಂತ ಒಂದು ಯೋಜನೆ ಇದೆ. ವರ್ಷಗಟ್ಟಲೆ ಮಾನಸಿಕ ಆಸ್ಪತ್ರೆಯಲ್ಲೇ ಉಳಿದ ಮಹಿಳೆಯರು ಊರೊಳಗಿನ ಬಾಡಿಗೆ ಮನೆಗಳಲ್ಲಿ ನಾಲ್ಕೈದು ಜನ ಸೇರಿ ಇರುತ್ತಾರೆ, ಪಕ್ಕದ ಅಂಗಡಿಯಲ್ಲಿ ತರಕಾರಿ ತರುತ್ತಾರೆ, ಅಡುಗೆ ಮಾಡುತ್ತಾರೆ.

ಮೆದುಳಿಗೆ ಪೆಟ್ಟಾದವರಿಗೆ ಅಂತಲೇ ಮಾಡಿದ ಮನೆಗಳು ನಮ್ಮಲ್ಲಿ ತುಂಬಾ ಕಡಿಮೆ. ಹುಡುಕೋಕೆ ಹೊರಟರೆ ನಿಮಗೆ ಸಿಗುವುದು ರಿಹ್ಯಾಬ್ ಸೆಂಟರ್, ವೃದ್ಧಾಶ್ರಮ, ಮಾನಸಿಕ ಕಾಯಿಲೆ ಇರುವವರು ಆಸ್ಪತ್ರೆಯಿಂದ ಮನೆಗೆ ಹೋಗುವ ಮುಂಚೆ ಸ್ವಲ್ಪ ಕಾಲ ಉಳಿಯುವ ಹಾಫ್‌ವೇ ಹೋಮ್, ಇಲ್ಲವೇ 'ಕೇರ್ ಸೆಂಟರ್' ಅಂತ ಬೋರ್ಡ್ ಹಾಕಿದ ಮೂರಂತಸ್ತಿನ ಕಟ್ಟಡ. ಮೂವತ್ತೈದು ವರ್ಷದ ಗಂಡಸನ್ನು ಎಂಬತ್ತು ವರ್ಷದ ಅಜ್ಜಂದಿರ ಮಧ್ಯೆ ಕೂರಿಸಿದರೆ ಏನಾಗುತ್ತದೆ ಅಂತ ನೀವೇ ಯೋಚಿಸಿ. ಹಾಗಂತ ಬೋರ್ಡ್ ನೋಡಿಯೇ ವಾಪಸ್ ಬರಬೇಡಿ. ಬೇರೆಯವರಿಗಾಗಿ ಮಾಡಿದ ಒಂದು ಚಿಕ್ಕ ಮನೆ, ನಡೆಸುವವರು ಕಲಿಯೋಕೆ ತಯಾರಿದ್ದರೆ, ದೊಡ್ಡ 'ನ್ಯೂರೋ ಕೇರ್' ಕಟ್ಟಡಕ್ಕಿಂತ ಎಷ್ಟೋ ವಾಸಿ.

ನಾನು ಮೊದಲು ನೋಡುವುದು ಎರಡನ್ನೇ. ಅಲ್ಲಿರುವವರು ಇಡೀ ದಿನ ಏನು ಮಾಡುತ್ತಾರೆ? ಅವರಿಗೆ ಅಲ್ಲಿ ಒಂದು ಕೆಲಸ ಅಂತ ಇದೆಯಾ? ಈ ಎರಡಕ್ಕೆ ಸರಿಯಾದ ಉತ್ತರ ಸಿಗದಿದ್ದರೆ ಹಾಸಿಗೆ ಎಷ್ಟು ಬೆಳ್ಳಗಿದೆ, ಸಿಸಿಟಿವಿ ಎಷ್ಟಿದೆ ಅನ್ನೋದನ್ನು ನಾನು ಲೆಕ್ಕಕ್ಕೆ ತಗೊಳ್ಳಲ್ಲ.

ಅವಸರ ಮಾಡಬೇಡಿ, ಮೊದಲು ರಿಹ್ಯಾಬ್

ಪೆಟ್ಟಾದ ಮೊದಲ ಆರು ತಿಂಗಳು ಚೇತರಿಕೆ ಜೋರಾಗಿರುತ್ತದೆ. ಆಮೇಲೆ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಎರಡು ವರ್ಷದ ನಂತರವೂ ಹೊಸದಾಗಿ ಏನಾದರೂ ಕಲಿತವರನ್ನು ನೋಡಿದ್ದೇನೆ. ಹಾಗಾಗಿ ಮೂರನೇ ತಿಂಗಳಲ್ಲೇ "ಇವರು ಇನ್ನು ಹೀಗೇ" ಅಂತ ತೀರ್ಮಾನಿಸಿ ಕಾಯಂ ವಸತಿ ಹುಡುಕಬೇಡಿ.

ನಿಮ್ಹಾನ್ಸ್‌ನಲ್ಲಿ ನರ ಪುನರ್ವಸತಿ ವಿಭಾಗವೇ ಇದೆ. ವೆಲ್ಲೂರಿನ ಸಿಎಂಸಿಯ ರಿಹ್ಯಾಬ್ ಸಂಸ್ಥೆ 1966ರಿಂದ ನಡೆಯುತ್ತಿದೆ, ಅಲ್ಲಿಗೆ ಹೋಗುವ ಕನ್ನಡದವರು ತುಂಬಾ ಜನ. ಮಾತು ಹೋಗಿದ್ದರೆ, ನುಂಗೋಕೆ ಕಷ್ಟ ಇದ್ದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ, ಅಂದರೆ ಎಲ್ಲರೂ 'ಆಯಿಶ್' ಅನ್ನೋ ಜಾಗಕ್ಕೆ, ಹೋಗಿ ಬನ್ನಿ. ರಿಹ್ಯಾಬ್ ಮುಗಿಸಿ ಬರುವಾಗ ಒಂದು ವಿಷಯ ಕೇಳಿ ಪಡೆಯಿರಿ. ನೆನಪು, ಗಮನ, ಯೋಚನೆ, ಸಿಟ್ಟು ಇವೆಲ್ಲ ಹೇಗಿವೆ ಅಂತ ಸೈಕಾಲಜಿಸ್ಟ್ ಮಾಡುವ ಪರೀಕ್ಷೆಯ ಲಿಖಿತ ವರದಿ. ಸ್ಕ್ಯಾನ್ ಫಿಲ್ಮ್‌ಗಿಂತ ಮುಂದೆ ನಿಮಗೆ ಜಾಸ್ತಿ ಉಪಯೋಗಕ್ಕೆ ಬರುವುದು ಅದೇ.

ಒಂದು ನೋಟ್‌ಬುಕ್ ಬರೆಯಿರಿ

ಡಿಸ್ಚಾರ್ಜ್ ಸಮ್ಮರಿಯಲ್ಲಿ ಕಾಯಿಲೆ ಇರುತ್ತದೆ, ಮನುಷ್ಯ ಇರಲ್ಲ. ಹೊಸ ಮನೆಯಲ್ಲಿ ನೋಡಿಕೊಳ್ಳುವ ಹುಡುಗನಿಗೋ ಆಯಾಗೋ ನೀವು ಕೊಡಬೇಕಾದದ್ದು ಅವರ ದಿನಚರಿಯ ನೋಟ್‌ಬುಕ್. ಸುಮ್ನೆ 'ಸಿಟ್ಟು ಬರುತ್ತೆ' ಅಂತ ಬರೆದರೆ ಯಾರಿಗೂ ಉಪಯೋಗವಿಲ್ಲ. ಯಾವಾಗ ಬರುತ್ತೆ, ಅದಕ್ಕೆ ಮುಂಚೆ ಏನಾಗಿತ್ತು, ಏನು ಮಾಡಿದರೆ ಇಳಿಯುತ್ತೆ, ಇದನ್ನು ಬರೆಯಿರಿ. ನಮ್ಮ ಚಿಕ್ಕಪ್ಪನಿಗೆ ಸಾಯಂಕಾಲ ಟಿವಿ ಜೊತೆಗೆ ಕುಕ್ಕರ್ ಕೂಗೋಕೆ ಶುರುವಾದರೆ ತಡೆಯೋಕಾಗಲ್ಲ. ಎರಡರಲ್ಲಿ ಒಂದಿದ್ದರೆ ಪರವಾಗಿಲ್ಲ. ಈ ಒಂದು ಸಾಲು ಬರೆದು ಕೊಟ್ಟದ್ದಕ್ಕೆ ಆ ಮನೆಯಲ್ಲಿ ಅಡುಗೆ ಹೊತ್ತಿನಲ್ಲಿ ಟಿವಿ ಆರಿಸುತ್ತಾರೆ, ಮಾತ್ರೆ ಏರಿಸುವ ಮಾತೇ ಬರಲಿಲ್ಲ.

ಊಟದ ಬಗ್ಗೆ ಉದ್ದಕ್ಕೆ ಬರೆಯಿರಿ, ಅಪಾಯ ಇರೋದು ಅಲ್ಲೇ. ನುಂಗುವ ತೊಂದರೆ ಇರುವವರಿಗೆ ಗಟ್ಟಿ ಪದಾರ್ಥಕ್ಕಿಂತ ನೀರು, ಕಾಫಿ, ತಿಳಿ ಸಾರಿನಂಥ ತೆಳ್ಳಗಿನದ್ದೇ ಎಷ್ಟೋ ಸಲ ಶ್ವಾಸನಾಳಕ್ಕೆ ಹೋಗುತ್ತದೆ. ಕುಡಿದ ತಕ್ಷಣ ಕೆಮ್ಮು, ಗಂಟಲಲ್ಲಿ ಗುರುಗುರು ಅನ್ನೋ ದನಿ, ಮತ್ತೆ ಮತ್ತೆ ಬರುವ ಜ್ವರ, ಇವು ಅದರ ಗುರುತು. ಅನ್ನದ ಮೇಲೆ ನೀರಾದ ಸಾರು ಸುರಿದು ಕೊಟ್ಟರೆ ಇನ್ನೂ ಕಷ್ಟ, ಬಾಯಿ ಒಂದೇ ಹೊತ್ತಿಗೆ ಎರಡು ಥರದ್ದನ್ನು ಸಂಭಾಳಿಸಬೇಕು. ಇನ್ನು ನಮ್ಮ ಹಳೇ ಮೈಸೂರು ಕಡೆಯ ಮುದ್ದೆ. ಅದನ್ನು ಅಗಿಯದೆ ನುಂಗಿಯೇ ಅಭ್ಯಾಸ ಆದವರು ಪೆಟ್ಟಾದ ಮೇಲೂ ಹಾಗೇ ನುಂಗೋಕೆ ಹೋಗುತ್ತಾರೆ, ಗಂಟಲು ಮಾತು ಕೇಳಲ್ಲ. ಮುದ್ದೆ ಬೇಕೇ ಬೇಕು ಅಂತ ಹಠ ಮಾಡುವವರಿಗೆ ಗಟ್ಟಿಯಾಗಿ ಮಾಡಿದ ರಾಗಿ ಅಂಬಲಿ ಕೊಡಬಹುದಾ ಅಂತ ಸ್ಪೀಚ್ ಥೆರಪಿಸ್ಟ್ ಹತ್ತಿರ ಕೇಳಿ, ಅವರು ಹೇಳಿದ ಹದವನ್ನು ನೋಟ್‌ಬುಕ್‌ನಲ್ಲಿ ಬರೆದಿಡಿ.

ಕೆಲವರು ತಟ್ಟೆಯ ಬಲಗಡೆಯದ್ದನ್ನು ಮಾತ್ರ ತಿಂದು ಎದ್ದುಬಿಡುತ್ತಾರೆ. ಎಡಗಡೆ ಪಲ್ಯ, ಅನ್ನ ಹಾಗೇ ಇರುತ್ತದೆ. ರುಚಿ ಇಲ್ಲ ಅಂತಲ್ಲ, ಮೆದುಳಿನ ಬಲಭಾಗಕ್ಕೆ ಪೆಟ್ಟಾದ ಕೆಲವರಿಗೆ ಎಡಗಡೆಯ ಪ್ರಪಂಚವೇ ಗಮನಕ್ಕೆ ಬರುವುದಿಲ್ಲ. ತಟ್ಟೆ ತಿರುಗಿಸಿ ಇಟ್ಟರೆ ಉಳಿದದ್ದನ್ನೂ ತಿನ್ನುತ್ತಾರೆ. ಗೊತ್ತಿಲ್ಲದ ಕೇರ್‌ಟೇಕರ್ 'ಊಟ ಸರಿಯಾಗಿ ಮಾಡಲ್ಲ' ಅಂತ ಬರೆದು ಮುಗಿಸುತ್ತಾನೆ.

ವಾಸನೆ ಗೊತ್ತಾಗುತ್ತದಾ ಅಂತಲೂ ಪರೀಕ್ಷಿಸಿ. ತಲೆಗೆ ಪೆಟ್ಟಾದ ಎಷ್ಟೋ ಜನರಿಗೆ ಮೂಗಿನ ವಾಸನೆ ಹೋಗಿಬಿಡುತ್ತದೆ, ಅವರಾಗಿ ಅದನ್ನು ಹೇಳುವುದೂ ಇಲ್ಲ. ಗ್ಯಾಸ್ ಸೋರಿದರೆ, ಹಾಲು ಹೊತ್ತಿದರೆ, ಸಾಂಬಾರು ಹಳಸಿದ್ದರೆ ತಿಳಿಯುವುದಿಲ್ಲ. ಅಡುಗೆಮನೆಯಲ್ಲಿ ಕೆಲಸ ಮಾಡಲಿ ಅಂತ ನಾನು ಹೇಳೋದು ನಿಜ. ಒಲೆ ಮುಂದೆ ಒಬ್ಬರನ್ನೇ ಬಿಡಬೇಡಿ ಅನ್ನೋದೂ ಅಷ್ಟೇ ನಿಜ.

ಇನ್ನೊಂದು ಪುಟ ಅವರ ಹಳೇ ಬದುಕಿಗೆ ಇಡಿ. ಏನು ಕೆಲಸ ಮಾಡುತ್ತಿದ್ದರು, ಯಾರನ್ನು ಏನಂತ ಕರೆಯುತ್ತಿದ್ದರು, ಮನೆಯಲ್ಲಿ ಅವರನ್ನು ಏನಂತ ಕರೆಯುತ್ತೀರಿ, ಯಾವ ದೇವರು, ಯಾವ ಕ್ರಿಕೆಟ್ ಟೀಮು, ಬೆಳಿಗ್ಗೆ ಕಾಫಿಯೋ ಟೀಯೋ. ಮೇಷ್ಟರಾಗಿದ್ದವರನ್ನು ಇಪ್ಪತ್ತು ವರ್ಷದ ಹುಡುಗ 'ಏಯ್ ಬಾರೋ' ಅಂದರೆ ಅವರು ಯಾಕೆ ತಟ್ಟೆ ಎಸೆಯುತ್ತಾರೆ ಅಂತ ಆಮೇಲೆ ತನಿಖೆ ಮಾಡೋ ಬದಲು 'ಮೇಷ್ಟ್ರೇ ಅನ್ನಿ' ಅಂತ ಮೊದಲೇ ಬರೆದುಕೊಡಿ.

ಕಾಗದಪತ್ರ

ಬೇಜಾರಿನ ಭಾಗ, ಆದರೂ ತಪ್ಪಿಸೋಕಾಗಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳ ಪಟ್ಟಿ ಇದೆ. ಅದರಲ್ಲಿ 'ಮೆದುಳಿಗೆ ಪೆಟ್ಟು' ಅಂತ ಪ್ರತ್ಯೇಕ ಹೆಸರಿಲ್ಲ. ಹಾಗಾಗಿ ಕೈಕಾಲು ಸ್ವಾಧೀನ ಇಲ್ಲದಿರುವುದು, ಮಾತಿನ ತೊಂದರೆ, ದೃಷ್ಟಿ, ಮಾನಸಿಕ ತೊಂದರೆ, ಹೀಗೆ ಪರಿಣಾಮ ಯಾವುದೋ ಆ ಹೆಸರಿನಲ್ಲಿ ಸರ್ಟಿಫಿಕೇಟ್ ಮಾಡಿಸಬೇಕು. ಒಂದಕ್ಕಿಂತ ಜಾಸ್ತಿ ತೊಂದರೆ ಇದ್ದರೆ ಎಲ್ಲವನ್ನೂ ತೋರಿಸಿ. ಕಾಲು ಮಾತ್ರ ತೋರಿಸಿ ಬಂದರೆ ಶೇಕಡಾವಾರು ಕಡಿಮೆ ಬರುತ್ತದೆ. ಶೇ. 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸವಲತ್ತುಗಳ ಬಾಗಿಲು ತೆರೆಯುತ್ತದೆ. ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ, ಅರ್ಜಿ ಹಾಕೋಕೆ ಹಳ್ಳಿಯಲ್ಲಾದರೆ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು, ಅಂದರೆ ವಿಆರ್‌ಡಬ್ಲ್ಯೂ ಸಹಾಯ ಮಾಡುತ್ತಾರೆ. ಆದಾಯ ತೆರಿಗೆ ಕಟ್ಟುವವರು ಹಳೇ ಪದ್ಧತಿಯಲ್ಲಿದ್ದರೆ ಅಂಗವಿಕಲ ಅವಲಂಬಿತರಿಗಾಗಿ ಆದಾಯದ ಲೆಕ್ಕದಲ್ಲಿ 75,000 ರೂಪಾಯಿ, ವೈಕಲ್ಯ ಶೇ. 80 ಅಥವಾ ಅದಕ್ಕಿಂತ ಹೆಚ್ಚಿದ್ದರೆ 1,25,000 ರೂಪಾಯಿ ವಿನಾಯಿತಿ ಇದೆ.

ಬ್ಯಾಂಕು, ಜಮೀನಿನ ವಿಷಯದಲ್ಲಿ ಜನ ಎಡವುವುದು ಪವರ್ ಆಫ್ ಅಟಾರ್ನಿಯಲ್ಲಿ, ಅಂದರೆ ನನ್ನ ಪರವಾಗಿ ವ್ಯವಹಾರ ನೋಡಿಕೊಳ್ಳಿ ಅಂತ ಬರೆದುಕೊಡುವ ಅಧಿಕಾರ ಪತ್ರದಲ್ಲಿ. ಅಪಘಾತಕ್ಕೆ ಮುಂಚೆ ಬರೆದುಕೊಟ್ಟದ್ದು ಇದೆಯಲ್ಲ ಅಂತ ನಿಶ್ಚಿಂತೆಯಿಂದ ಇರುತ್ತಾರೆ. 1872ರ ಕರಾರು ಕಾಯ್ದೆಯ 201ನೇ ಕಲಂ ಪ್ರಕಾರ ಬರೆದುಕೊಟ್ಟವರ ಬುದ್ಧಿ ಸ್ಥಿಮಿತದಲ್ಲಿ ಇಲ್ಲದಾದರೆ ಆ ಅಧಿಕಾರ ಕೊನೆಯಾಗುತ್ತದೆ. ಈಗ ಹೆಬ್ಬೆಟ್ಟು ಒತ್ತಿಸಿ ಹೊಸದು ಮಾಡಿಸಿದರೂ ನಿಲ್ಲುವುದಿಲ್ಲ. 2016ರ ಕಾಯ್ದೆಯ 14ನೇ ಕಲಂನಲ್ಲಿ ಸೀಮಿತ ಪೋಷಕತ್ವ ಅಂತ ಇದೆ, ಅಂದರೆ ಗೊತ್ತಾದ ವಿಷಯಕ್ಕೆ ಮಾತ್ರ ಅವರ ಜೊತೆ ಸೇರಿ ತೀರ್ಮಾನ ಮಾಡುವ ಅಧಿಕಾರ, ಅದನ್ನು ಜಿಲ್ಲಾ ನ್ಯಾಯಾಲಯ ಕೊಡಬಹುದು. ಕೋಮಾದಲ್ಲಿರುವವರ ಮನೆಯವರು ಹೈಕೋರ್ಟಿಗೆ ರಿಟ್ ಹಾಕಿ ಪೋಷಕರ ನೇಮಕ ಮಾಡಿಸಿಕೊಂಡ ಉದಾಹರಣೆಗಳೂ ಇವೆ. ವಕೀಲರ ಹತ್ತಿರ ಹೋದಾಗ ಈ ಎರಡು ದಾರಿಯ ಬಗ್ಗೆ ನೀವೇ ಕೇಳಿ.

ರಸ್ತೆ ಅಪಘಾತವಾಗಿದ್ದರೆ ಕ್ಲೇಮು ಹಾಕುವಾಗ ಆಸ್ಪತ್ರೆ ಬಿಲ್ಲು ಮಾತ್ರ ಲಗತ್ತಿಸಬೇಡಿ. ಮುಂದೆ ಜೀವನಪೂರ್ತಿ ಬೇಕಾಗುವ ಅಟೆಂಡರ್ ಖರ್ಚನ್ನೂ ಕೇಳಿ. 2020ರಲ್ಲಿ ಸುಪ್ರೀಂ ಕೋರ್ಟು ಮೆದುಳಿಗೆ ತೀವ್ರ ಪೆಟ್ಟಾದ ಒಬ್ಬ ಹುಡುಗಿಯ ಪ್ರಕರಣದಲ್ಲಿ ಇಬ್ಬರು ಅಟೆಂಡರ್‌ಗಳ ಖರ್ಚು ಅಂತ ತಿಂಗಳಿಗೆ ಹತ್ತು ಸಾವಿರ ಹಿಡಿದು, ಅದನ್ನು ವರ್ಷದ ಲೆಕ್ಕಕ್ಕೆ ತಂದು, ವಯಸ್ಸು ನೋಡಿ ನಿಗದಿ ಮಾಡುವ 18ರ ಗುಣಕದಿಂದ ಗುಣಿಸಿ 21,60,000 ರೂಪಾಯಿ ಆ ಒಂದು ಬಾಬ್ತಿಗೇ ಕೊಟ್ಟಿತು. ನಿಮ್ಮ ವಕೀಲರಿಗೆ ಗೊತ್ತಿರಬಹುದು, ಆದರೂ ನೆನಪಿಸಿ. ಕ್ಲೇಮು ಹಾಕೋಕೆ ಕಾನೂನಿನಲ್ಲಿ ಅಪಘಾತದ ದಿನದಿಂದ 6 ತಿಂಗಳು ಅಂತ ಇದೆ, ಆಸ್ಪತ್ರೆ ಓಡಾಟದಲ್ಲಿ ಅದು ಕಳೆದದ್ದೇ ಗೊತ್ತಾಗಲ್ಲ.

ನೋಡೋಕೆ ಹೋಗುವಾಗ ಸಾಯಂಕಾಲ ನಾಲ್ಕಕ್ಕೆ ಹೋಗಿ

ಬೆಳಿಗ್ಗೆ ಹನ್ನೊಂದಕ್ಕೆ ಬನ್ನಿ ಅಂತ ಅವರು ಹೇಳುತ್ತಾರೆ. ಆ ಹೊತ್ತಿಗೆ ಎಲ್ಲರಿಗೂ ಸ್ನಾನ ಆಗಿರುತ್ತದೆ, ನೆಲ ಒರೆಸಿರುತ್ತದೆ, ಮ್ಯಾನೇಜರ್ ಇರುತ್ತಾರೆ. ಒಮ್ಮೆ ಹಾಗೇ ಹೋಗಿ ಬನ್ನಿ. ಇನ್ನೊಮ್ಮೆ ಹೇಳದೆ ನಾಲ್ಕು ಗಂಟೆಗೆ ಹೋಗಿ. ಮಧ್ಯಾಹ್ನದ ಊಟ ಆಗಿ, ರಾತ್ರಿ ಅಡುಗೆ ಇನ್ನೂ ಶುರುವಾಗದ ಹೊತ್ತು ಅದು. ಎಲ್ಲರೂ ಟಿವಿ ಮುಂದೆ ಸಾಲಾಗಿ ಕೂತು ತಲೆ ತೂಗುತ್ತಿದ್ದಾರಾ? ಅಥವಾ ಒಬ್ಬರು ಹುರಳಿಕಾಯಿ ಮುರಿಯುತ್ತಿದ್ದಾರಾ, ಇನ್ನೊಬ್ಬರು ಒಣಗಿದ ಬಟ್ಟೆ ಮಡಚುತ್ತಿದ್ದಾರಾ, ಮತ್ತೊಬ್ಬರು ಯಾರದೋ ಜೊತೆ ಮೂಲೆ ಅಂಗಡಿಗೆ ಹಾಲು ತರೋಕೆ ಹೋಗಿದ್ದಾರಾ? ಹಗಲೆಲ್ಲ ಎಲ್ಲರಿಗೂ ಒಂದೇ ಥರ ನಿದ್ದೆ ಬರುತ್ತಿದ್ದರೆ ಮಾತ್ರೆಗಳ ಚಾರ್ಟ್ ತೋರಿಸಿ ಅಂತ ಕೇಳಿ.

ಚಿಕ್ಕಪ್ಪ ಇರುವ ಮನೆಗೆ ಮೊದಲ ಸಲ ಹೋದಾಗ ಅಡುಗೆಯ ಅಕ್ಕ ಒಬ್ಬ ಯುವಕನಿಗೆ ಬೆಳ್ಳುಳ್ಳಿ ಸುಲಿಯೋಕೆ ಕೊಟ್ಟಿದ್ದರು. ಅವನ ಒಂದು ಕೈಗೆ ಸ್ವಾಧೀನವಿಲ್ಲ. ಬೆಳ್ಳುಳ್ಳಿಯನ್ನು ಒದ್ದೆ ಬಟ್ಟೆಯ ಮೇಲೆ ಇಟ್ಟು, ಜಾರದ ಹಾಗೆ ಮಾಡಿ, ಒಂದೇ ಕೈಯಲ್ಲಿ ಒಂದೊಂದೇ ಎಸಳು ಬಿಡಿಸುತ್ತಿದ್ದ. ಅಕ್ಕ ಮಾಡಿದ್ದರೆ ಐದು ನಿಮಿಷದ ಕೆಲಸ, ಅವನು ಅರ್ಧ ಗಂಟೆ ತಗೊಂಡ. ಅವರು ಅವಸರ ಮಾಡಲಿಲ್ಲ, ಕಿತ್ತುಕೊಳ್ಳಲೂ ಇಲ್ಲ. ಮಧ್ಯೆ ಅವನಿಗೆ ಏನು ಮಾಡುತ್ತಿದ್ದೆ ಅನ್ನೋದೇ ಮರೆತು ಹೋದಾಗ 'ಬೆಳ್ಳುಳ್ಳಿ ಕಣಪ್ಪಾ' ಅಂದರು ಅಷ್ಟೇ. ನಾವು ನಿರ್ಧಾರ ಮಾಡಿದ್ದು ಅಲ್ಲೇ. ಫೀಸಿನ ಮಾತು ಆಮೇಲೆ ಬಂತು.

ಗೋಡೆಯ ಮೇಲೆ ಬೋರ್ಡ್ ಇದೆಯಾ ನೋಡಿ. ಇವತ್ತು ಯಾವ ವಾರ, ರಾತ್ರಿ ಡ್ಯೂಟಿ ಯಾರದು, ತಿಂಡಿ ಏನು ಅಂತ ಬರೆದಿದ್ದರೆ ನೆನಪು ಕೈಕೊಟ್ಟವರಿಗೆ ಅದೇ ಆಸರೆ. ದಿನಕ್ಕೆ ಇಪ್ಪತ್ತು ಸಲ ಕೇಳುವ ಪ್ರಶ್ನೆಗೆ ಬೋರ್ಡ್ ಉತ್ತರ ಕೊಡುತ್ತದೆ. ಪ್ರತಿಯೊಬ್ಬರಿಗೂ ಬೀಗ ಹಾಕಿಕೊಳ್ಳಬಹುದಾದ ಒಂದು ಬೀರುವಾದರೂ ಇರಲಿ. ಬಚ್ಚಲುಮನೆಗೆ ಹೋಗಿ ಹಿಡಿಕೆ ಅಲುಗಾಡಿಸಿ ನೋಡಿ, ನೆಲ ಜಾರುತ್ತದಾ, ವೆಸ್ಟರ್ನ್ ಟಾಯ್ಲೆಟ್ ಇದೆಯಾ, ಚಿಲಕ ಹೊರಗಿನಿಂದಲೂ ತೆಗೆಯೋಕೆ ಬರುತ್ತದಾ. ಮೇಲೇಳಲಾಗದವರು ಆ ಮನೆಯಲ್ಲಿದ್ದರೆ ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಿದ ದಾಖಲೆ ಕೇಳಿ.

ಕೇಳೋಕೆ ಮುಜುಗರ, ಆದರೂ ಕೇಳಿ

"ಫಿಟ್ಸ್ ಬಂದರೆ ಏನು ಮಾಡ್ತೀರಿ?" ಮ್ಯಾನೇಜರ್ ಬಿಡಿ, ರಾತ್ರಿ ಪಾಳಿಯ ಹುಡುಗನನ್ನು ಕೇಳಿ. ಕೈಗೆ ಬೀಗದಕೈ ಕೊಡ್ತೀವಿ, ಈರುಳ್ಳಿ ಮೂಸಿಸ್ತೀವಿ, ಬಾಯಿಗೆ ಚಮಚ ಇಡ್ತೀವಿ ಅಂದರೆ ಇವರಿಗೆ ಯಾರೂ ಕಲಿಸಿಲ್ಲ ಅಂತ ಅರ್ಥ. ಮಗ್ಗುಲಾಗಿ ಮಲಗಿಸ್ತೀವಿ, ಬಾಯಿಗೆ ಏನೂ ಹಾಕಲ್ಲ, ಗಡಿಯಾರ ನೋಡ್ತೀವಿ, 5 ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡ್ತೀವಿ ಅಂದರೆ ಸರಿ. ಮಾತ್ರೆ ತೀರಿಹೋದರೆ ಯಾರು ತರುತ್ತಾರೆ ಅಂತಲೂ ಕೇಳಿ. ಫಿಟ್ಸ್ ಮಾತ್ರೆಯನ್ನು ದಿಢೀರ್ ನಿಲ್ಲಿಸುವುದು ಅಪಾಯ.

"ಕಟ್ಟಿ ಹಾಕ್ತೀರಾ?" ನೇರವಾಗಿ ಕೇಳಿ. 'ಅವರ ಒಳ್ಳೇದಕ್ಕೇ, ಸ್ವಲ್ಪ ಹೊತ್ತು' ಅನ್ನೋ ಉತ್ತರ ಬಂದರೆ ಎದ್ದು ಬನ್ನಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿಯಲ್ಲಿ ಕಟ್ಟುವುದನ್ನು ಯಾವ ರೂಪದಲ್ಲೂ ಒಪ್ಪುವುದಿಲ್ಲ.

"ಬೇಡದ ಕಡೆ ಮುಟ್ಟಿದರೆ, ಕೆಟ್ಟ ಮಾತಾಡಿದರೆ?" ಇದನ್ನು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳಲ್ಲ. ಮೆದುಳಿನ ಮುಂಭಾಗಕ್ಕೆ ಪೆಟ್ಟಾದರೆ ಸಂಕೋಚ, ಹಿಡಿತ ಹೋಗುವುದುಂಟು. ಮುಂಚೆ ತಲೆ ತಗ್ಗಿಸಿ ಓಡಾಡುತ್ತಿದ್ದ ಮನುಷ್ಯ ಆಯಾ ಹತ್ತಿರ ಅಸಹ್ಯವಾಗಿ ಮಾತಾಡಬಹುದು. ಮುಚ್ಚಿಟ್ಟು ಸೇರಿಸಿದರೆ ವಾರದಲ್ಲಿ ವಾಪಸ್ ಕಳಿಸುತ್ತಾರೆ. ಮೊದಲೇ ಹೇಳಿದರೆ ಸ್ನಾನಕ್ಕೆ ಗಂಡು ಕೇರ್‌ಟೇಕರ್ ಇಡಬಹುದು, ಅಂಥ ಮಾತು ಬಂದಾಗ ನಗದೆ ರೇಗದೆ 'ಇದು ಬೇಡ' ಅಂತ ಎಲ್ಲರೂ ಒಂದೇ ಥರ ಹೇಳಬಹುದು. ಹೆಣ್ಣುಮಗಳನ್ನು ಸೇರಿಸುತ್ತಿದ್ದರೆ ರಾತ್ರಿ ಪಾಳಿಯಲ್ಲಿ ಹೆಂಗಸರು ಇದ್ದೇ ಇರಬೇಕು, ಇದರಲ್ಲಿ ರಾಜಿ ಬೇಡ.

ನೋಂದಣಿ ಯಾವ ಕಾಯ್ದೆಯಲ್ಲಿ ಅಂತ ಕೇಳಿ, ಪತ್ರ ನೋಡಿ. ಅಂಗವಿಕಲರಿಗಾಗಿ ಸಂಸ್ಥೆ ನಡೆಸುವವರು 2016ರ ಕಾಯ್ದೆಯಡಿ ನೋಂದಣಿ ಮಾಡಿಸಬೇಕು, ಮಾನಸಿಕ ಕಾಯಿಲೆ ಇರುವವರನ್ನು ಇಟ್ಟುಕೊಳ್ಳುವವರು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ. ಟ್ರಸ್ಟ್ ಡೀಡ್, ಅಂದರೆ ಟ್ರಸ್ಟ್ ಶುರು ಮಾಡಿದ ಪತ್ರ, ತೋರಿಸಿ ಇದೇ ನೋಂದಣಿ ಅಂದರೆ ಒಪ್ಪಬೇಡಿ. ಅನುಮಾನ ಇದ್ದರೆ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಬಹುದು.

ದುಡ್ಡಿನ ಮಾತು

ತಿಂಗಳ ಫೀಸು ಎಷ್ಟು ಅನ್ನೋದಕ್ಕಿಂತ ಅದರಲ್ಲಿ ಏನೇನು ಸೇರಿಲ್ಲ ಅನ್ನೋದನ್ನು ಬರೆಸಿಕೊಳ್ಳಿ. ಡೈಪರ್, ಫಿಸಿಯೋ, ಮಾತ್ರೆ, ಆಸ್ಪತ್ರೆಗೆ ಹೋಗುವ ಕಾರು, ಆಸ್ಪತ್ರೆಯಲ್ಲಿ ಜೊತೆಗಿರುವವರ ಸಂಬಳ, ಇವೆಲ್ಲ ಸೇರಿದರೆ ಫೀಸಿನ ಹತ್ತಿರ ಹತ್ತಿರ ಬರುತ್ತದೆ. ಡೆಪಾಸಿಟ್ ಯಾವಾಗ ವಾಪಸ್, ಹಬ್ಬಕ್ಕೆ ಮನೆಗೆ ಕರೆದುಕೊಂಡು ಹೋದ ದಿನಗಳಿಗೂ ಕಟ್ಟಬೇಕಾ, ಬೇಡ ಅನಿಸಿದರೆ ಎಷ್ಟು ದಿನದ ನೋಟಿಸ್. 'ಜೀವನಪೂರ್ತಿಗೆ ಒಂದೇ ಸಲ ಕಟ್ಟಿಬಿಡಿ' ಅನ್ನುವ ಕಡೆ ನಾನಂತೂ ಸೇರಿಸಲ್ಲ. ಒಮ್ಮೆ ಕಟ್ಟಿದ ಮೇಲೆ ನಿಮ್ಮ ಮಾತಿಗೆ ಬೆಲೆ ಎಲ್ಲಿದೆ?

ಸೇರಿಸುವುದು ಒಂದೇ ದಿನದ ಕೆಲಸ ಅಲ್ಲ

ಮೊದಲು ಒಂದು ಮಧ್ಯಾಹ್ನ ಊಟಕ್ಕೆ ಹೋಗಿ. ಆಮೇಲೆ ಒಂದು ಹಗಲು ಬಿಟ್ಟು ಬನ್ನಿ. ಆಮೇಲೆ ಒಂದು ರಾತ್ರಿ. ಅವರನ್ನು ಕೇಳದೆ 'ಡಾಕ್ಟರ ಹತ್ತಿರ ಹೋಗೋಣ' ಅಂತ ಸುಳ್ಳು ಹೇಳಿ ಬಿಟ್ಟು ಬರಬೇಡಿ. ನೆನಪು ಹೋಗಿರಬಹುದು, ಮೋಸ ಆಯ್ತು ಅನ್ನೋ ಭಾವನೆ ಮಾತ್ರ ಉಳಿಯುತ್ತದೆ, ಯಾಕೆ ಅಂತ ಗೊತ್ತಿಲ್ಲದೆಯೂ ನಿಮ್ಮನ್ನು ಕಂಡರೆ ಮುಖ ತಿರುಗಿಸುತ್ತಾರೆ. ಎಷ್ಟು ಅರ್ಥವಾಗುತ್ತದೋ ಅಷ್ಟು ಹೇಳಿ, ಎರಡು ಮನೆ ಇದ್ದರೆ ಎರಡನ್ನೂ ತೋರಿಸಿ, ಅವರ ಮಾತಿಗೂ ಜಾಗ ಇರಲಿ.

'ನನಗೇನೂ ಆಗಿಲ್ಲ, ನಾಳೆ ಡ್ಯೂಟಿಗೆ ಹೋಗ್ತೀನಿ' ಅನ್ನುವವರು ಇರುತ್ತಾರೆ. ತಮಗೇನಾಗಿದೆ ಅನ್ನೋದು ಅವರ ಮೆದುಳಿಗೇ ತಿಳಿಯುತ್ತಿಲ್ಲ. ವಾದ ಮಾಡಿ ಗೆಲ್ಲೋಕಾಗಲ್ಲ. ಹಾಗೆಯೇ, 'ನಿನ್ನೆ ಇಲ್ಲಿ ನನಗೆ ಊಟ ಕೊಟ್ಟಿಲ್ಲ' ಅಂತ ಫೋನಿನಲ್ಲಿ ಹೇಳಿದರೆ ತಕ್ಷಣ ಜಗಳಕ್ಕೆ ಹೋಗಬೇಡಿ. ನೆನಪಿನ ಖಾಲಿ ಜಾಗವನ್ನು ಮೆದುಳು ತಾನೇ ಏನೋ ಹಾಕಿ ತುಂಬಿಸಿರಬಹುದು, ಬೇಕಂತ ಹೇಳಿದ ಸುಳ್ಳಲ್ಲ. ಹಾಗಂತ ಎಲ್ಲ ದೂರನ್ನೂ ಇದೇ ಲೆಕ್ಕಕ್ಕೆ ಸೇರಿಸೋದು ಅದಕ್ಕಿಂತ ದೊಡ್ಡ ತಪ್ಪು. ತೂಕ ನೋಡಿ, ಮೈಮೇಲೆ ಗಾಯದ ಗುರುತು ನೋಡಿ, ಹೇಳದೆ ಊಟದ ಹೊತ್ತಿಗೆ ಹೋಗಿ ನೋಡಿ.

ಮೊದಲ ವಾರಗಳಲ್ಲಿ ದಿನಾ ಹೋಗಬೇಕಾ, ಹೋಗಲೇಬಾರದಾ ಅಂತ ಕೇಳುತ್ತಾರೆ. 'ಒಂದು ತಿಂಗಳು ಬರಲೇಬೇಡಿ, ಅಡ್ಜಸ್ಟ್ ಆಗಲಿ' ಅನ್ನುವ ಮನೆಗಳ ಬಗ್ಗೆ ನನಗೆ ಅನುಮಾನ. ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ಹೋಗಿ, ಅದನ್ನು ಬೋರ್ಡಿನಲ್ಲಿ ಬರೆಸಿ. ಹೋದಾಗ ಎದುರು ಕೂತು 'ನನ್ನ ಗುರುತು ಸಿಕ್ತಾ? ಹೇಳಿ ನೋಡೋಣ' ಅಂತ ಪರೀಕ್ಷೆ ಮಾಡಬೇಡಿ. ಜೊತೆಗೆ ಕೂತು ಅವರೆಕಾಯಿ ಸುಲಿಯಿರಿ.

ನೆಂಟರು ಅಂದೇ ಅನ್ನುತ್ತಾರೆ, 'ಹೊರಗೆ ಹಾಕಿಬಿಟ್ರಂತೆ'. ಅದರಲ್ಲೂ ಹೆಂಡತಿಗೆ ಈ ಮಾತು ಜಾಸ್ತಿ ಬೀಳುತ್ತದೆ. ಅಂದವರು ಒಂದು ರಾತ್ರಿ ಬಂದು ಡೈಪರ್ ಬದಲಿಸಲ್ಲ. ಮನಸ್ಸಿಗೆ ತೀರಾ ಭಾರವಾದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಎಲ್ಲೂ ಸಿಗದಿದ್ದರೆ

ಮೂರು ನಾಲ್ಕು ಕುಟುಂಬ ಸೇರಿ ಒಂದು ಮನೆ ಮಾಡಬಹುದು. ಹೇಳಿದಷ್ಟು ಸುಲಭ ಅಲ್ಲ, ಆಗದ್ದೂ ಅಲ್ಲ. ರಿಹ್ಯಾಬ್ ವಾರ್ಡಿನ ಹೊರಗಿನ ಬೆಂಚಿನಲ್ಲಿ ಪರಿಚಯವಾಗುವವರೇ ಇದಕ್ಕೆ ಜೊತೆಗಾರರು. ನೆಲಮಹಡಿಯ ಮನೆ ನೋಡಿ. ಓನರ್‌ಗೆ ಯಾರಿರುತ್ತಾರೆ ಅಂತ ನಿಜ ಹೇಳಿ ಅಗ್ರಿಮೆಂಟಿನಲ್ಲೇ ಬರೆಸಿ, ಇಲ್ಲದಿದ್ದರೆ ಮೊದಲ ಗಲಾಟೆಗೇ ಖಾಲಿ ಮಾಡಿ ಅನ್ನುತ್ತಾರೆ. ಅಂಗಡಿ, ಪಾರ್ಕು, ದೇವಸ್ಥಾನ ನಡೆದು ಹೋಗುವಷ್ಟು ಹತ್ತಿರ ಇರಲಿ, ಊರಾಚೆಯ ತೋಟದ ಮನೆ ನೋಡೋಕೆ ಚೆಂದ, ಅಲ್ಲಿಗೆ ಕೆಲಸಕ್ಕೂ ಯಾರೂ ಬರಲ್ಲ, ನೋಡೋಕೂ ಯಾರೂ ಬರಲ್ಲ. ನೋಡಿಕೊಳ್ಳುವವರಿಗೆ ವಾರಕ್ಕೊಂದು ರಜೆ, ರಜೆ ದಿನಕ್ಕೆ ಬದಲಿ ಆಳು, ಇದಕ್ಕೆ ಮೊದಲೇ ದುಡ್ಡು ತೆಗೆದಿಡಿ. ಒಬ್ಬನೇ ಹುಡುಗ ಹಗಲೂ ರಾತ್ರಿ ಅಂತ ಶುರು ಮಾಡಿದ ಕಡೆ ಅವನು ಓಡಿಹೋದ ದಿನ ಎಲ್ಲ ನಿಂತುಹೋಗುತ್ತದೆ. ಮೆದುಳಿಗೆ ಪೆಟ್ಟಾದವರ ಸ್ವಭಾವ ಒಬ್ಬರಿಗೊಬ್ಬರದು ಹೊಂದಲ್ಲ, ಗದ್ದಲ ಆಗದವರನ್ನೂ ಸದಾ ಮಾತಾಡುವವರನ್ನೂ ಒಂದೇ ರೂಮಿಗೆ ಹಾಕಬೇಡಿ. ಹೊರಗಿನವರನ್ನೂ ಸೇರಿಸಿಕೊಂಡು ಸಂಸ್ಥೆಯಾಗಿ ನಡೆಸುವ ಯೋಚನೆ ಇದ್ದರೆ ನೋಂದಣಿಯ ನಿಯಮ ನಿಮಗೂ ಅನ್ವಯಿಸುತ್ತದೆ.

ಹಬ್ಬಕ್ಕೆ ಕರೆತರುವಾಗ

ಎರಡು ದಿನಕ್ಕೆ ಕರೆತಂದರೂ ನಾಲ್ಕು ದಿನದ ಮಾತ್ರೆ ತನ್ನಿ. ಬಸ್ ತಪ್ಪುತ್ತದೆ, ಜ್ವರ ಬರುತ್ತದೆ, ಹಳ್ಳಿಯ ಮೆಡಿಕಲ್ ಶಾಪಿನಲ್ಲಿ ಫಿಟ್ಸ್ ಮಾತ್ರೆ ಸಿಗುತ್ತದೆ ಅಂತ ನಂಬಿಕೊಳ್ಳೋಕಾಗಲ್ಲ. ಕೊಟ್ಟ ಪ್ರತಿ ಡೋಸಿಗೆ ಚೀಟಿಯಲ್ಲಿ ಗುರುತು ಹಾಕಿ, ವಾಪಸ್ ಬಿಡುವಾಗ ಆ ಚೀಟಿಯನ್ನೂ ಕೊಡಿ, ಇಲ್ಲದಿದ್ದರೆ ರಾತ್ರಿ ಮಾತ್ರೆ ಎರಡು ಸಲ ಬೀಳುತ್ತದೆ ಇಲ್ಲವೇ ಬೀಳುವುದೇ ಇಲ್ಲ. ಮನೆ ತುಂಬ ಜನ ಇದ್ದರೆ ಅವರಿಗೆ ಬಾಗಿಲು ಹಾಕಿಕೊಳ್ಳಬಹುದಾದ ಒಂದು ರೂಮು ಬಿಟ್ಟುಕೊಡಿ. ಅರ್ಧ ಗಂಟೆಗೆ ಸುಸ್ತಾಗಿ ಎದ್ದು ಹೋದರೆ ಹೋಗಲಿ, ಫೋಟೋಗೆ ಅಂತ ಎಳೆದು ತರಬೇಡಿ. ಯಾರಾದರೂ ಭಾವನೋ ಮೈದುನನೋ 'ಹಬ್ಬ ಅಲ್ವಾ, ಒಂದು ಪೆಗ್' ಅಂತ ಗ್ಲಾಸು ಮುಂದೆ ಹಿಡಿಯುತ್ತಾರೆ, ಅವರಿಗೆ ಮುಂಚೆಯೇ ಹೇಳಿಡಿ. ಕುಡಿತದಿಂದ ಫಿಟ್ಸ್ ಬರುವ ಅಪಾಯ ಹೆಚ್ಚುತ್ತದೆ, ಜಾರಿ ಬಿದ್ದು ತಲೆಗೆ ಎರಡನೇ ಪೆಟ್ಟಾದರೆ ಮತ್ತೆ ಐಸಿಯು.